ಸಾಸಿವೆ ಡಬ್ಬಿಯ ದುಡ್ಡು

ಬಹುಮಾನ ಎಂದರೆ ನಮ್ಮ ಕಾಲದ ಶಾಲೆಗಳಲ್ಲಿ ಸ್ಟೀಲ್ ಲೋಟ ಎಂದೇ ಅರ್ಥ. ಓಟದಲ್ಲಿ ಗೆದ್ದರೆ ಲೋಟ, ರಂಗೋಲಿಗೆ ತಟ್ಟೆ, ಭಾವಗೀತೆಗೆ ಸೋಪಿನ ಡಬ್ಬಿ. ಓದಿನಲ್ಲಿ ಮೊದಲು ಬಂದವರಿಗೆ ಮಾತ್ರ ಒಂದು ಪುಸ್ತಕ. ಅದೂ ಆ ವರ್ಷ ಶಾಲೆಯಲ್ಲಿ ದುಡ್ಡು ಉಳಿದಿದ್ದರೆ. ಪ್ರಬಂಧ ಸ್ಪರ್ಧೆಯಲ್ಲಿ ನನಗೆ ಬಂದ ಲೋಟ ಈಗಲೂ ನಮ್ಮ ಮನೆಯಲ್ಲಿದೆ. ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ನನ್ನ ಹೆಸರು ಕೊರೆದಿದೆ. ಮದುವೆಯಾಗಿ ಹಾಸನಕ್ಕೆ ಬಂದಾಗ ನಮ್ಮ ಅತ್ತೆಯವರು ಅದನ್ನು ಅಕ್ಕಿ ಅಳೆಯಲು ಇಟ್ಟುಕೊಂಡರು. ಇಷ್ಟು ಕರಾರುವಾಕ್ಕಾದ ಅಳತೆಯ ಲೋಟ ಅಂಗಡಿಯಲ್ಲೂ ಸಿಗುವುದಿಲ್ಲ ಎಂದು ಬಂದವರ ಮುಂದೆಲ್ಲ ಹೊಗಳುತ್ತಿದ್ದರು. ಹೊಗಳಿಕೆ ಲೋಟಕ್ಕೇ ಹೊರತು ಪ್ರಬಂಧಕ್ಕಲ್ಲ.

ನಮ್ಮಲ್ಲಿ ಶಾಲೆಯ ಮಕ್ಕಳಿಗೆ ಶಾಲೆ ಬಹುಮಾನ ಕೊಡುತ್ತದೆ, ಕಾಲೇಜಿನ ಮಕ್ಕಳಿಗೆ ಕಾಲೇಜು ಕೊಡುತ್ತದೆ. ಅವರವರ ಮನೆಯ ಆರತಿ ಅವರವರಿಗೆ. ಅಮೆರಿಕದಲ್ಲಿ ಇದಕ್ಕಿಂತ ಬೇರೆಯಾದ ಒಂದು ಪದ್ಧತಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿದೆ. ಅಲ್ಲಿ ಕಾಲೇಜುಗಳು ತಮಗೆ ಸಂಬಂಧವೇ ಇಲ್ಲದ ದೂರದ ಹೈಸ್ಕೂಲುಗಳ ಮಕ್ಕಳಿಗೆ ಬಹುಮಾನ ಕಳಿಸುತ್ತವೆ. ಹನ್ನೊಂದನೆಯ ತರಗತಿಯಲ್ಲಿರುವ ಹುಡುಗ ಅಥವಾ ಹುಡುಗಿಗೆ, ಅಂದರೆ ಕಾಲೇಜು ಸೇರಲು ಇನ್ನೊಂದು ವರ್ಷವಿರುವಾಗ, ಒಂದು ಪುಸ್ತಕವೋ ಪದಕವೋ ಪ್ರಶಸ್ತಿ ಪತ್ರವೋ ಬರುತ್ತದೆ. ಇದಕ್ಕೆ ಬೇರೆ ಪರೀಕ್ಷೆಯಿಲ್ಲ, ಅರ್ಜಿ ಹಾಕಬೇಕಾಗಿಲ್ಲ. ಶಾಲೆಯ ಮೇಷ್ಟರುಗಳೇ ಕೂತು ಇಂಥ ಪ್ರಶಸ್ತಿಗೆ ಇಂಥ ಮಗು ಎಂದು ಆರಿಸುತ್ತಾರೆ. ವರ್ಷದ ಕೊನೆಯಲ್ಲಿ ಒಂದು ಸಂಜೆ ಸಭೆ ಸೇರಿಸಿ, ಅಪ್ಪ ಅಮ್ಮಂದಿರನ್ನು ಕರೆದು, ಹೆಸರು ಕೂಗುತ್ತಾರೆ.

ಇವುಗಳಲ್ಲಿ ಹೆಸರಾದದ್ದು ಹಾರ್ವರ್ಡ್‌ನ ಪುಸ್ತಕ ಬಹುಮಾನ. 1910ರಲ್ಲಿ ಶುರುವಾಯಿತು. ಹಾರ್ವರ್ಡ್‌ನಲ್ಲಿ ಓದಿ ಹೋದವರು ತಮ್ಮ ತಮ್ಮ ಊರಿನ ಶಾಲೆಗಳಿಗೆ ಪುಸ್ತಕ ಕೊಡಿಸುತ್ತಾರೆ. ಪುಸ್ತಕ ಬಂತೆಂದರೆ ಹಾರ್ವರ್ಡ್‌ನಲ್ಲಿ ಸೀಟು ಸಿಕ್ಕಿತು ಎಂದಲ್ಲ; ಪುಸ್ತಕಕ್ಕೆ ಪುಸ್ತಕ, ಅಷ್ಟೆ. 1916ರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಪಟ್ಟಣದ ರೆನ್ಸೆಲೇರ್ ಎಂಜಿನಿಯರಿಂಗ್ ವಿದ್ಯಾಲಯ ಗಣಿತ, ವಿಜ್ಞಾನಗಳಲ್ಲಿ ಮುಂದಿರುವ ಮಕ್ಕಳಿಗೆ ಪದಕ ಕೊಡಲು ಆರಂಭಿಸಿತು. ಇವರ ಲೆಕ್ಕ ಬೇರೆ. ಪದಕ ಪಡೆದ ಮಗು ಮುಂದೆ ಅಲ್ಲಿಗೇ ಓದಲು ಬಂದರೆ ನಾಲ್ಕು ವರ್ಷವೂ ಶುಲ್ಕದಲ್ಲಿ ಹತ್ತಾರು ಸಾವಿರ ಡಾಲರ್ ಬಿಡುತ್ತಾರೆ. ಕನ್ನಡಕದ ಗಾಜು ಮಾಡುವ ರಾಚೆಸ್ಟರ್ ಪಟ್ಟಣದ ಬಾಷ್ ಅಂಡ್ ಲೋಂಬ್ ಕಂಪನಿ 1933ರಲ್ಲಿ ವಿಜ್ಞಾನ ಪದಕ ಹೊರಡಿಸಿತು. ಅದಕ್ಕೆ ಅದೇ ಊರಿನ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನ ಕೂಡಿಕೊಂಡಿತು. ಹೀಗೆ ಒಂದರ ಹಿಂದೆ ಒಂದು ಬಂದು, ಸಣ್ಣಪುಟ್ಟ ಕಾಲೇಜುಗಳೂ ತಮ್ಮದೊಂದು ಪ್ರಶಸ್ತಿ ಇರಲಿ ಎಂದು ಇಟ್ಟುಕೊಂಡವು.

ಇದರಲ್ಲಿ ವ್ಯಾಪಾರವಿಲ್ಲವೇ ಎಂದರೆ, ಇದೆ. ಒಳ್ಳೆಯ ಮಕ್ಕಳು ಬೇರೆ ಕಡೆ ಹೋಗುವ ಮುಂಚೆಯೇ ವೀಳ್ಯ ಕೊಟ್ಟು ಹೋಗುವ ಜಾಣತನ ಅದು. ಹೆಣ್ಣಿನ ಕಡೆಯವರಿಗೆ ಮೊದಲು ನಾವು ಹೇಳಿಬಿಡೋಣ ಎನ್ನುವ ಗಂಡಿನ ಕಡೆಯವರ ಹಾಗೆ. ಆದರೆ ನಾನು ಪ್ರೌಢಶಾಲೆಯಲ್ಲಿ 32 ವರ್ಷ ಇತಿಹಾಸ ಪಾಠ ಮಾಡಿದವಳು. ಒಂದು ಪ್ರಶಸ್ತಿ ಎದುರಿಗೆ ಬಂದರೆ ಅದರ ಹಿಂದಿನ ದುಡ್ಡು ಯಾರದು, ಅದು ಹೇಗೆ ಬಂತು ಎಂದು ಕೇಳದೆ ಬಿಡುವ ಅಭ್ಯಾಸ ನನಗಿಲ್ಲ. ಆಲ್ಬನಿಯ ಹತ್ತಿರ ಮಗಳ ಮನೆಯಲ್ಲಿದ್ದಾಗ ಅಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ನೋಡಿದ್ದರಲ್ಲಿ, ಈ ಪ್ರಶಸ್ತಿಗಳ ಅರ್ಧಕ್ಕರ್ಧ ಕತೆ ಹೆಂಗಸರ ಕೈಚೀಲದಲ್ಲೇ ಸಿಕ್ಕಿತು.

ಟ್ರಾಯ್ ಊರನ್ನೇ ತೆಗೆದುಕೊಳ್ಳಿ. ಅಲ್ಲಿ ಎಮ್ಮಾ ವಿಲಾರ್ಡ್ ಎಂಬಾಕೆ 1821ರಲ್ಲಿ ಹುಡುಗಿಯರ ಶಾಲೆ ತೆರೆದಳು. ಹೊಲಿಗೆ, ಹಾಡು ಸಾಕು ಎನ್ನುತ್ತಿದ್ದ ಕಾಲದಲ್ಲಿ ಹುಡುಗಿಯರಿಗೆ ಗಣಿತ, ವಿಜ್ಞಾನ ಹೇಳಿಕೊಟ್ಟಳು. ರೆನ್ಸೆಲೇರ್ ವಿದ್ಯಾಲಯ ಅದೇ ಊರಿನಲ್ಲಿ ಹುಟ್ಟಿದ್ದು ಮೂರು ವರ್ಷ ತಡವಾಗಿ, 1824ರಲ್ಲಿ. ಆದರೆ ಅದು ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1942ರಲ್ಲಿ. ಗಂಡಸರು ಯುದ್ಧಕ್ಕೆ ಹೋಗಿ ಬೆಂಚುಗಳು ಖಾಲಿಯಾದ ಮೇಲೆ. ಅಕ್ಕನ ಮನೆ ತಂಗಿಯ ಮನೆ ಒಂದೇ ಊರಿನಲ್ಲಿದ್ದೂ 118 ವರ್ಷ ಬಾಗಿಲು ಹಾಕಿಕೊಂಡಿದ್ದ ಹಾಗೆ.

ಬಾಗಿಲು ಹಾಕಿದ್ದರೂ ಹಿತ್ತಿಲಿನಿಂದ ಒಬ್ಬಳು ಒಳಗೆ ಹೋಗಿದ್ದಳು. ಆಕೆ ಮೇರಿ ಲಯನ್. ಬಡ ರೈತನ ಮಗಳು, ಶಾಲೆಯ ಟೀಚರ್. ರೆನ್ಸೆಲೇರ್ ಸ್ಥಾಪಿಸಿದವರಲ್ಲಿ ಒಬ್ಬನಾದ ಏಮಾಸ್ ಈಟನ್ ಹುಡುಗಿಯರಿಗೂ ವಿಜ್ಞಾನ ಬೇಕು ಎನ್ನುತ್ತಿದ್ದ ಮನುಷ್ಯ. ಅವನ ಮನೆಯಲ್ಲೇ ಉಳಿದು ಈಕೆ ರಸಾಯನಶಾಸ್ತ್ರ ಕಲಿತಳು. ಆಮೇಲೆ ಒಂದು ಹಸಿರು ಮಖಮಲ್ಲಿನ ಚೀಲ ಹಿಡಿದು ಊರೂರು ಅಲೆದಳು, ಹೆಣ್ಣುಮಕ್ಕಳಿಗೆ ಒಂದು ವಿದ್ಯಾಲಯ ಕಟ್ಟಬೇಕು ಎಂದು. ಒಂಟಿ ಹೆಂಗಸು ಹೀಗೆ ಹಣ ಬೇಡುತ್ತಾ ತಿರುಗುವುದು ಮರ್ಯಾದೆಯಲ್ಲ ಎಂದು ಅವಳ ಹಿತೈಷಿಗಳೇ ಬುದ್ಧಿ ಹೇಳಿದರಂತೆ. ಅವಳು ಕೇಳಲಿಲ್ಲ. ರೈತರ ಹೆಂಡಂದಿರು, ಹೊಲಿಗೆಯವರು, ಟೀಚರುಗಳು ಕೈಲಾದಷ್ಟು ಹಾಕಿದರು. 1837ರಲ್ಲಿ ಮೌಂಟ್ ಹೋಲಿಯೋಕ್ ತೆರೆಯಿತು. ಊಟ, ವಸತಿ, ಪಾಠ ಸೇರಿ ವರ್ಷಕ್ಕೆ 60 ಡಾಲರ್. ಅಷ್ಟಕ್ಕೆ ಇಳಿಸಲು ಅಡುಗೆ, ಪಾತ್ರೆ, ಬಟ್ಟೆಗಳನ್ನು ವಿದ್ಯಾರ್ಥಿನಿಯರೇ ಸರದಿಯಂತೆ ಮಾಡಬೇಕಿತ್ತು. ನಮ್ಮ ಉಚಿತ ವಿದ್ಯಾರ್ಥಿನಿಲಯಗಳನ್ನು ಕಂಡವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಇನ್ನೊಬ್ಬಳು ಸೋಫಿಯಾ ಸ್ಮಿತ್. ಮದುವೆಯಾಗಲಿಲ್ಲ, ನಡುವಯಸ್ಸಿನಲ್ಲಿ ಕಿವಿ ಪೂರ್ತಿ ಹೋಯಿತು. ಒಡಹುಟ್ಟಿದವರೆಲ್ಲ ತೀರಿಕೊಂಡು ಮನೆತನದ ಆಸ್ತಿ ಅವಳ ಪಾಲಿಗೆ ಉಳಿಯಿತು. 1870ರಲ್ಲಿ ತೀರಿಕೊಳ್ಳುವಾಗ ಆ ಆಸ್ತಿಯನ್ನು ಹೆಣ್ಣುಮಕ್ಕಳ ಕಾಲೇಜಿಗೆ ಬರೆದಿಟ್ಟಳು. 1875ರಲ್ಲಿ ಸ್ಮಿತ್ ಕಾಲೇಜು 14 ಹುಡುಗಿಯರೊಂದಿಗೆ ಶುರುವಾಯಿತು. ಅದೇ ವರ್ಷ ವೆಲ್ಸ್‌ಲಿ ಕಾಲೇಜೂ ಬಾಗಿಲು ತೆರೆಯಿತು. ಈ ಕಾಲೇಜುಗಳ ಹಳೆಯ ವಿದ್ಯಾರ್ಥಿನಿಯರು ಊರೂರಿನಲ್ಲಿ ಸಂಘ ಕಟ್ಟಿಕೊಂಡು, ತಮ್ಮೂರಿನ ಶಾಲೆಯ ಒಬ್ಬೊಬ್ಬ ಹುಡುಗಿಗೆ ಪುಸ್ತಕ ಕೊಡುತ್ತಾರೆ. ಪುಸ್ತಕ ಕೊಳ್ಳುವವರು, ಸಭೆಗೆ ಹೋಗಿ ಕೊಟ್ಟು ಕೈಕುಲುಕುವವರು ಹೆಚ್ಚಾಗಿ ವಯಸ್ಸಾದ ಹೆಂಗಸರು. ನಾನು ನೋಡಿದ ಸಭೆಯಲ್ಲಿ ಹಾಗೆ ಬಂದಾಕೆಗೆ ಎಂಬತ್ತು ದಾಟಿರಬೇಕು. ಕೋಲು ಊರಿಕೊಂಡು ವೇದಿಕೆ ಹತ್ತಿದಳು. ಹುಡುಗಿಯ ಕೈಗೆ ಪುಸ್ತಕ ಕೊಟ್ಟವಳು ಕೈಬಿಡದೆ ಏನೋ ಹೇಳುತ್ತಲೇ ನಿಂತಳು. ಹಿಂದೆ ಇನ್ನೂ ಹತ್ತು ಪ್ರಶಸ್ತಿ ಕಾಯುತ್ತಿದ್ದವು. ಯಾರೂ ಅವಸರ ಮಾಡಲಿಲ್ಲ.

ಹಾರ್ವರ್ಡ್ ಕತೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಊರೂರಿಗೆ ಪುಸ್ತಕ ಹಂಚುತ್ತಿದ್ದ ಹಾರ್ವರ್ಡ್‌ನ ಪಕ್ಕದಲ್ಲೇ ಹೆಣ್ಣುಮಕ್ಕಳಿಗಾಗಿ ರಾಡ್‌ಕ್ಲಿಫ್ ಕಾಲೇಜು ಇತ್ತು. ಪಾಠ ಮಾಡುತ್ತಿದ್ದವರು ಹಾರ್ವರ್ಡ್ ಪ್ರೊಫೆಸರುಗಳೇ. ಆದರೆ ಹಾರ್ವರ್ಡ್ 1949ರಲ್ಲಿ ಕಟ್ಟಿದ ಲಾಮಂಟ್ ಗ್ರಂಥಾಲಯದೊಳಕ್ಕೆ ಆ ಹುಡುಗಿಯರಿಗೆ 1967ರ ತನಕ ಪ್ರವೇಶವಿರಲಿಲ್ಲ. ಹೆಣ್ಣುಮಕ್ಕಳಿದ್ದರೆ ಹುಡುಗರ ಗಮನ ಓದಿನ ಮೇಲೆ ನಿಲ್ಲುವುದಿಲ್ಲವಂತೆ. ಈ ವಾದವನ್ನು ನಾವು ಎಲ್ಲಿ ಕೇಳಿಲ್ಲ ಹೇಳಿ?

ಇನ್ನು ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. 2018ರ ಬೇಸಿಗೆಗೆ ನಾನು ಮಗಳ ಮನೆಯಲ್ಲಿದ್ದಾಗ ಮೊಮ್ಮಗಳು ಹನ್ನೊಂದನೆಯ ತರಗತಿ. ಅವಳಿಗೆ ಬಂದದ್ದು ರಾಚೆಸ್ಟರ್ ವಿಶ್ವವಿದ್ಯಾಲಯದ ಪ್ರಶಸ್ತಿ. ಅಲ್ಲಿಯವರು ಒಂದಲ್ಲ, ಹಲವು ಪ್ರಶಸ್ತಿ ಕೊಡುತ್ತಾರೆ. ವಿಜ್ಞಾನಕ್ಕೆ ಬಾಷ್ ಅಂಡ್ ಲೋಂಬ್, ಮುಂದಾಳುತನಕ್ಕೆ ಕೊಡಾಕ್ ಕ್ಯಾಮೆರಾದ ಜಾರ್ಜ್ ಈಸ್ಟ್‌ಮನ್ ಹೆಸರಿನದು. ಭಾಷೆ, ಇತಿಹಾಸ, ಸಮಾಜಶಾಸ್ತ್ರಗಳಿಗೆ ಫ್ರೆಡರಿಕ್ ಡಗ್ಲಸ್ ಮತ್ತು ಸೂಸನ್ ಬಿ. ಆಂಟನಿ ಇಬ್ಬರ ಹೆಸರಿನ ಪ್ರಶಸ್ತಿ. ನಮ್ಮ ಹುಡುಗಿಗೆ ಬಂದದ್ದು ಈ ಕೊನೆಯದು. ಅದೇ ಸಂಜೆ ಹಿಂದಿನ ಬೀದಿಯ ಹುಡುಗನಿಗೆ ರೆನ್ಸೆಲೇರ್ ಪದಕ ಬಂತು.

ಮನೆಗೆ ಬಂದು ಊಟಕ್ಕೆ ಕೂತಾಗ ಅಳಿಯಂದಿರು ಮೆಲ್ಲಗೆ ಹೇಳಿದರು: “ಖುಷಿಯೇ ಅತ್ತೆ, ಇಲ್ಲ ಅನ್ನಲ್ಲ. ಆದರೆ ಸೈನ್ಸಿನ ಪದಕ ಬಂದಿದ್ದರೆ ಒಂದು ದಾರಿ ಆಗ್ತಿತ್ತು.” ಅವರು ಕೆಟ್ಟವರಲ್ಲ. ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯಿಂದ ಓದಿ, ಕಂಪ್ಯೂಟರಿನಿಂದಲೇ ಮೇಲೆ ಬಂದವರು. ಓದು ಎಂದರೆ ಅವರ ಪಾಲಿಗೆ ಹೊಳೆ ದಾಟಿಸುವ ದೋಣಿ. ದೋಣಿಗೆ ಚೆಂದ ಯಾಕೆ, ಗಟ್ಟಿಯಾಗಿದ್ದರೆ ಸಾಕು ಎನ್ನುವವರು. ಮೊಮ್ಮಗಳು ತಟ್ಟೆ ಬಿಟ್ಟು ಎದ್ದಳು. ಆಮೇಲೆ ನನ್ನ ಕೋಣೆಗೆ ಬಂದು ಕಾಲ ಬುಡದಲ್ಲಿ ಕೂತು, “ಅಜ್ಜಿ, ನೀನು ಹಿಸ್ಟರಿ ಟೀಚರ್ ಅಲ್ವಾ? ಅಪ್ಪನಿಗೆ ನೀನೇ ಹೇಳು,” ಎಂದಳು. ಏನೆಂದು ಹೇಳುವುದು? ಇತಿಹಾಸ ಓದಿದರೆ ಹೊಟ್ಟೆ ತುಂಬುತ್ತದೆಯೇ ಎಂಬ ಪ್ರಶ್ನೆಗೆ ನಾನು 32 ವರ್ಷ ಉತ್ತರ ಕೊಟ್ಟು ಕೊಟ್ಟು ಸವೆದಿದ್ದೆ. ಆ ಪತ್ರದಲ್ಲಿದ್ದ ಎರಡು ಹೆಸರುಗಳ ಕತೆ ಹೇಳಿದರೆ ಸಾಕು ಎನ್ನಿಸಿತು.

ಮೊದಲನೆಯವನು ಫ್ರೆಡರಿಕ್ ಡಗ್ಲಸ್. ಗುಲಾಮನಾಗಿ ಹುಟ್ಟಿದ ಕಪ್ಪು ಮನುಷ್ಯ. ಚಿಕ್ಕಂದಿನಲ್ಲಿ ಮನೆಯ ಯಜಮಾನಿ ಅಕ್ಷರ ಹೇಳಿಕೊಡಲು ಶುರುಮಾಡಿದರೆ ಯಜಮಾನ ತಡೆದ. ಓದು ಬಂದರೆ ಗುಲಾಮ ಕೈಗೆ ಸಿಕ್ಕುವುದಿಲ್ಲ ಎಂದ. ಹುಡುಗ ಬೀದಿಯ ಬಿಳಿ ಹುಡುಗರಿಗೆ ಬ್ರೆಡ್ಡಿನ ತುಂಡು ಕೊಟ್ಟು ಅಕ್ಷರ ಕಲಿತ. 1838ರಲ್ಲಿ ತಪ್ಪಿಸಿಕೊಂಡ. 1847ರಿಂದ ರಾಚೆಸ್ಟರ್‌ನಲ್ಲಿ ಪತ್ರಿಕೆ ಹೊರಡಿಸಿದ. ಇಷ್ಟು ಪಾಠಪುಸ್ತಕದಲ್ಲೂ ಇರುತ್ತದೆ. ನನ್ನ ಮನಸ್ಸು ಹಿಡಿದದ್ದು ಅವನ ಮಗಳು ರೊಸೆಟಾಳ ಸಂಗತಿ. 1848ರಲ್ಲಿ ಆಕೆಗೆ ಒಂಬತ್ತು ವರ್ಷ. ಅಲ್ಲಿಯ ಸೆವಾರ್ಡ್ ಸೆಮಿನರಿ ಎಂಬ ಹುಡುಗಿಯರ ಶಾಲೆಗೆ ಫೀಸು ಕಟ್ಟಿ ಸೇರಿಸಿದ. ಕೆಲವು ದಿನ ಬಿಟ್ಟು ಮಗಳನ್ನು ವಿಚಾರಿಸಿದರೆ ಅವಳನ್ನು ಬೇರೆ ಕೋಣೆಯಲ್ಲಿ ಒಬ್ಬಳನ್ನೇ ಕೂರಿಸಿ ಪಾಠ ಮಾಡುತ್ತಿದ್ದಾರೆ. ಡಗ್ಲಸ್ ಹೋಗಿ ಕೇಳಿದ. ಮುಖ್ಯೋಪಾಧ್ಯಾಯಿನಿ ಒಬ್ಬೊಬ್ಬ ಹುಡುಗಿಯನ್ನೂ ಕೇಳಿದಳು, ಇವಳು ನಿಮ್ಮ ಜೊತೆ ಕೂರಬಹುದೇ ಎಂದು. ಹುಡುಗಿಯರು ಬೇಡವೆನ್ನಲಿಲ್ಲ. ನನ್ನ ಪಕ್ಕ ಕೂರಲಿ, ನನ್ನ ಪಕ್ಕ ಕೂರಲಿ ಎಂದರಂತೆ. ಬೇಡವೆಂದದ್ದು ಒಬ್ಬ ತಂದೆ. ಆ ಒಬ್ಬನ ಮಾತಿಗೆ ಶಾಲೆ ಮಣಿಯಿತು. ಡಗ್ಲಸ್ ಮಗಳನ್ನು ಬಿಡಿಸಿಕೊಂಡು ಬಂದು, ಆ ತಂದೆಗೆ ತನ್ನ ಪತ್ರಿಕೆಯಲ್ಲೇ ಬಹಿರಂಗ ಪತ್ರ ಬರೆದ. ಊರಿನ ಸರ್ಕಾರಿ ಶಾಲೆಗಳಲ್ಲಿ ಕಪ್ಪು ಬಿಳಿ ಮಕ್ಕಳು ಒಟ್ಟಿಗೆ ಕೂರಬೇಕೆಂದು ವರ್ಷಗಟ್ಟಲೆ ಹೋರಾಡಿದ. 1857ರ ಹೊತ್ತಿಗೆ ಅದು ಆಯಿತು. ಬೇರೆ ಕೂರಿಸುವುದು ಏನೆಂದು ನಮ್ಮ ಊರುಗಳ ಶಾಲೆಗಳಿಗೆ ಬೇರೆ ದೇಶದವರು ಬಂದು ಹೇಳಿಕೊಡಬೇಕಾಗಿಲ್ಲ.

ಎರಡನೆಯಾಕೆ ಸೂಸನ್ ಬಿ. ಆಂಟನಿ. ಹೆಂಗಸರಿಗೆ ಓಟಿನ ಹಕ್ಕು ಬೇಕೆಂದು ಹೋರಾಡಿದವಳು ಎಂದಷ್ಟೇ ನಮಗೆ ಗೊತ್ತು. 1872ರಲ್ಲಿ ರಾಚೆಸ್ಟರ್‌ನಲ್ಲಿ ಹೋಗಿ ಓಟು ಹಾಕೇಬಿಟ್ಟಳು. ಹಿಡಿದರು, 100 ಡಾಲರ್ ದಂಡ ಹಾಕಿದರು, ಅವಳು ಕೊನೆಯವರೆಗೂ ಕಟ್ಟಲಿಲ್ಲ. ಆದರೆ ಅದಕ್ಕೂ ಮೊದಲು ಅವಳು ನಮ್ಮ ಹಾಗೆ ಟೀಚರ್. 1853ರಲ್ಲಿ ಅದೇ ಊರಿನಲ್ಲಿ ಉಪಾಧ್ಯಾಯರ ಸಮ್ಮೇಳನ ನಡೆಯಿತು. ಸೇರಿದವರಲ್ಲಿ ಹೆಂಗಸರೇ ಹೆಚ್ಚು. ಮಾತಾಡುವವರು ಮಾತ್ರ ಗಂಡಸರು. ಉಪಾಧ್ಯಾಯ ವೃತ್ತಿಗೆ ವಕೀಲಿ, ವೈದ್ಯಕ್ಕಿರುವ ಮರ್ಯಾದೆ ಯಾಕಿಲ್ಲ ಎಂದು ಚರ್ಚೆ. ಸೂಸನ್ ಎದ್ದು ನಿಂತು ಮಾತಾಡಬೇಕು ಎಂದಳು. ಒಬ್ಬ ಹೆಂಗಸು ಸಭೆಯಲ್ಲಿ ಮಾತಾಡಬಹುದೇ ಇಲ್ಲವೇ ಎಂದು ಗಂಡಸರು ಅರ್ಧ ಗಂಟೆ ವಾದಿಸಿದರು. ಅಷ್ಟು ಹೊತ್ತೂ ಅವಳು ನಿಂತೇ ಇದ್ದಳು, ಕೂತರೆ ಸರದಿ ತಪ್ಪುತ್ತದೆ ಎಂದು. ಕೊನೆಗೆ ಬಿಟ್ಟರು. ಅವಳು ಹೇಳಿದ್ದರ ಸಾರ ಇಷ್ಟೆ: ಹೆಂಗಸಿಗೆ ವಕೀಲೆಯಾಗುವ, ವೈದ್ಯೆಯಾಗುವ ಬುದ್ಧಿಯಿಲ್ಲ, ಟೀಚರಾಗುವಷ್ಟು ಮಾತ್ರ ಇದೆ ಎಂದು ನೀವೇ ಹೇಳುತ್ತೀರಿ, ಹಾಗಾದರೆ ಈ ಕೆಲಸ ಮಾಡುವ ನೀವೂ ಹೆಂಗಸಿನಷ್ಟೇ ಬುದ್ಧಿಯವರು ಎಂದು ಒಪ್ಪಿಕೊಂಡ ಹಾಗಾಯಿತಲ್ಲ! ಇದನ್ನು ಓದಿ ಗ್ರಂಥಾಲಯದಲ್ಲಿ ನಾನೊಬ್ಬಳೇ ನಕ್ಕೆ.

ರಾಚೆಸ್ಟರ್ ವಿಶ್ವವಿದ್ಯಾಲಯ ಆರಂಭವಾದದ್ದು 1850ರಲ್ಲಿ, ಗಂಡುಮಕ್ಕಳಿಗಾಗಿ. ಹೆಣ್ಣುಮಕ್ಕಳನ್ನು ಸೇರಿಸಿ ಎಂದು ಊರಿನ ಹೆಂಗಸರು ಎಷ್ಟೋ ವರ್ಷ ಬೆನ್ನು ಹತ್ತಿದರು. 1898ರಲ್ಲಿ ಆಡಳಿತ ಮಂಡಳಿ ಆಗಬಹುದು ಎಂದಿತು. ಆದರೆ 1,00,000 ಡಾಲರ್ ಕೂಡಿಸಿ ಕೊಡಿ ಎಂಬ ಷರತ್ತು ಹಾಕಿತು. ಮಗಳಿಗೆ ಸೀಟು ಬೇಕಾದರೆ ಡೊನೇಷನ್ ತನ್ನಿ ಎನ್ನುವುದು ನಮ್ಮವರೇ ಕಂಡುಹಿಡಿದದ್ದಲ್ಲ ನೋಡಿ. ಹೆಂಗಸರು ಮನೆ ಮನೆ ಸುತ್ತಿದರು. ಮೊತ್ತ ಏಳಲಿಲ್ಲ. ಮಂಡಳಿ 50,000ಕ್ಕೆ ಇಳಿಸಿತು. 1900ರ ಸೆಪ್ಟೆಂಬರ್ 8 ಗಡುವು. ಹಿಂದಿನ ರಾತ್ರಿ ಲೆಕ್ಕ ಹಾಕಿದರೆ ಇನ್ನೂ 8,000 ಡಾಲರ್ ಕಡಿಮೆ.

ಸೂಸನ್‌ಗೆ ಆಗ 80 ವರ್ಷ. ಬೆಳಿಗ್ಗೆ ಎದ್ದವಳೇ ಮನೆಯಿಂದಲೇ ಶುರುಮಾಡಿದಳು. ಅವಳ ತಂಗಿ ಮೇರಿ, ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವಳು, ತನ್ನ ಕಾಲಾನಂತರ ವಿಶ್ವವಿದ್ಯಾಲಯಕ್ಕೆ ಹೋಗಲಿ, ಆದರೆ ಹುಡುಗಿಯರನ್ನು ಸೇರಿಸಿಕೊಂಡರೆ ಮಾತ್ರ ಎಂದು 2,000 ಡಾಲರ್ ಉಯಿಲಿನಲ್ಲಿ ಬರೆದಿದ್ದಳು. ಸತ್ತ ಮೇಲೆ ಕೊಡುವುದನ್ನು ಈಗಲೇ ಕೊಡು ಎಂದಳು ಅಕ್ಕ. ಮೇರಿ ಒಪ್ಪಿದಳು. ಸೂಸನ್ ಗಾಡಿ ಕಟ್ಟಿಸಿಕೊಂಡು ಊರಿನಲ್ಲಿ ಹೊರಟಳು. ಪಾದ್ರಿ ಗ್ಯಾನೆಟ್ ದಂಪತಿಗಳಿಂದ 2,000. ಸಾರಾ ವಿಲಿಸ್ ಎಂಬ ಹಳೆಯ ಗೆಳತಿಯಿಂದ 2,000. ಕೊನೆಯ 2,000ಕ್ಕೆ ಸ್ಯಾಮ್ಯುಯೆಲ್ ವೈಲ್ಡರ್ ಎಂಬ ಮುದುಕ ಹೊಣೆ ನಿಂತ. ಓಡಿ ಬಂದು ಮಂಡಳಿಯ ಮುಂದೆ ಪಟ್ಟಿ ಇಟ್ಟಳು. ಅವರು ಒಳಗೆ ಹೋಗಿ ಗುಸುಗುಸು ಮಾತಾಡಿ ಬಂದು, ವೈಲ್ಡರರಿಗೆ ವಯಸ್ಸಾಗಿದೆ, ಆರೋಗ್ಯವಿಲ್ಲ, ನಾಳೆ ಹೆಚ್ಚುಕಡಿಮೆಯಾದರೆ ಈ ಮಾತು ನಿಲ್ಲುವುದಿಲ್ಲ, ಇದನ್ನು ಒಪ್ಪಲಾಗದು ಎಂದರು.

ಎಂಬತ್ತು ವರ್ಷದ ಹೆಂಗಸಿನ ಮುಂದೆ ನಿಂತು ಇನ್ನೊಬ್ಬರ ವಯಸ್ಸಿನ ಮಾತಾಡಿದರು! ಸೂಸನ್ ವಾದ ಮಾಡಲಿಲ್ಲ. ತನ್ನ ಜೀವವಿಮೆಯ ಪಾಲಿಸಿಯನ್ನು ಆ 2,000ಕ್ಕೆ ಒತ್ತೆಯಿಟ್ಟಳು. ಗಂಡ ಮಕ್ಕಳಿಲ್ಲದ ಹೆಂಗಸು, ಮುಪ್ಪಿಗೆ ಆಸರೆ ಎಂದು ಇಟ್ಟುಕೊಂಡಿದ್ದ ಹಣ. ಇನ್ನು ಹೇಳಲು ಮಂಡಳಿಗೆ ನೆಪ ಉಳಿಯಲಿಲ್ಲ. ಆ ಶರತ್ಕಾಲದಲ್ಲೇ 33 ಹುಡುಗಿಯರು ತರಗತಿಗೆ ಬಂದರು. ಅದಾದ ಕೆಲವೇ ದಿನಕ್ಕೆ ಸೂಸನ್‌ಗೆ ಲಕ್ವ ಹೊಡೆದು ಕೆಲವು ದಿನ ಮಾತೇ ನಿಂತುಹೋಗಿತ್ತು.

ಇದೇ ಊರಿನ ಇನ್ನೊಂದು ದುಡ್ಡಿನ ಕತೆಯೂ ಇದೆ, ಅದನ್ನು ಬಿಡಲು ಮನಸ್ಸು ಬರುತ್ತಿಲ್ಲ. ಸಮಾಜಶಾಸ್ತ್ರ ಓದಿದವರಿಗೆ ಲೂಯಿಸ್ ಹೆನ್ರಿ ಮಾರ್ಗನ್ ಹೆಸರು ಗೊತ್ತಿರುತ್ತದೆ. ಎಂಗೆಲ್ಸ್ ಕುಟುಂಬದ ಬಗ್ಗೆ ಬರೆದ ಪುಸ್ತಕಕ್ಕೆ ಆಧಾರವಾದ ಮಾನವಶಾಸ್ತ್ರಜ್ಞ. ರಾಚೆಸ್ಟರ್‌ನ ವಕೀಲ. 1862ರಲ್ಲಿ ಮೂಲನಿವಾಸಿಗಳ ಅಧ್ಯಯನಕ್ಕೆಂದು ಮಿಸೌರಿ ನದಿಯ ಕಡೆ ಹೋಗಿದ್ದಾಗ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಕೆಂಪು ಜ್ವರದಲ್ಲಿ ತೀರಿಕೊಂಡರು. ಅವನು 1881ರಲ್ಲಿ ಸಾಯುವಾಗ ತನ್ನ ಆಸ್ತಿ ಈ ವಿಶ್ವವಿದ್ಯಾಲಯಕ್ಕೆ ಸೇರಲಿ, ಹೆಣ್ಣುಮಕ್ಕಳ ವಿದ್ಯೆಗೆ ಖರ್ಚಾಗಲಿ ಎಂದು ಬರೆದಿಟ್ಟಿದ್ದ. ಹೆಂಡತಿ, ಮಗ ಇರುವವರೆಗೆ ಅದು ಅವರದು. ಹೀಗಾಗಿ 1900ರ ಆ ಓಡಾಟದ ದಿನ ಆ ಹಣ ಸೂಸನ್ ಕೈಗೆ ಸಿಗುವಂತಿರಲಿಲ್ಲ.

ಹಣ ಕೊಟ್ಟು ಒಳಗೆ ಹೋದ ಮೇಲೂ ಸುಖವೇನೂ ಇರಲಿಲ್ಲ. ಹುಡುಗಿಯರು ಜಾಸ್ತಿಯಾದಂತೆ ಅವರಿಗೆ ಬೇರೆ ವಿಭಾಗ, ಬೇರೆ ತರಗತಿ ಎಂದು ಮಾಡಿದರು. 1930ರಲ್ಲಿ ನದಿಯ ದಂಡೆಯಲ್ಲಿ ಹೊಸ ಕಟ್ಟಡಗಳೆದ್ದಾಗ ಹುಡುಗರನ್ನು ಅಲ್ಲಿಗೆ ಕಳಿಸಿ ಹುಡುಗಿಯರನ್ನು ಹಳೆಯ ಕಟ್ಟಡದಲ್ಲೇ ಬಿಟ್ಟರು. ಎರಡೂ ಮತ್ತೆ ಒಂದಾದದ್ದು 1955ರಲ್ಲಿ. ಈಗ ನದಿಯ ದಂಡೆಯ ಆವರಣದಲ್ಲಿ ಸೂಸನ್ ಹೆಸರಿನ ಹಾಸ್ಟೆಲ್ ಇದೆ. ಹುಡುಗ ಹುಡುಗಿಯರು ಅದನ್ನು “ಸ್ಯೂ ಬಿ” ಎಂದು ಕರೆಯುತ್ತಾರೆ, ಪಕ್ಕದ ಮನೆಯ ಚಿಕ್ಕಮ್ಮನನ್ನು ಕರೆದ ಹಾಗೆ.

ನಮ್ಮ ಕಡೆಗೂ ಇಂಥ ಒಂದು ಹಣ ಬಂದು ಮುಟ್ಟಿದೆ. ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ, ಹಳೆಯ ಮೈಸೂರಿನ ಮೊದಮೊದಲ ಪದವೀಧರೆಯರಲ್ಲಿ ಒಬ್ಬರಾದ ಕಮಲಮ್ಮ ದಾಸಪ್ಪನವರ ಮೊಮ್ಮಗಳು. ಬೆಂಗಳೂರಿನ ಮಹಿಳಾ ಸೇವಾ ಸಮಾಜದ ಶಾಲೆಯಲ್ಲಿ ಓದಿ, ಮೈಸೂರು ವಿಶ್ವವಿದ್ಯಾಲಯದ ಗಣಿತದಲ್ಲಿ ಮೊದಲಿಗರಾಗಿ, 1947ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಡಾಕ್ಟರೇಟ್ ಓದಿಗೆ ಅವರಿಗೆ ಸಿಕ್ಕಿದ್ದು ಬಾರ್ಬರ್ ವಿದ್ಯಾರ್ಥಿವೇತನ. ಲೆವಿ ಬಾರ್ಬರ್ ಎಂಬ ಹಳೆಯ ವಿದ್ಯಾರ್ಥಿ ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಇಟ್ಟ ದತ್ತಿ ಅದು. 1953ರಲ್ಲಿ ಹಿಂತಿರುಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಮಾಡಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದರು. ಎಲ್ಲಿಯ ಮಿಷಿಗನ್, ಎಲ್ಲಿಯ ನಂಜನಗೂಡು!

ಜೂನ್ ತಿಂಗಳಲ್ಲಿ ಅಳಿಯಂದಿರೇ ಕಾರು ತೆಗೆದರು. ಪ್ರಶಸ್ತಿ ಕೊಟ್ಟವರ ಕಾಲೇಜು ಒಮ್ಮೆ ನೋಡಿಬರೋಣ ಎಂದರು. ಆಲ್ಬನಿಯಿಂದ ನಾಲ್ಕು ಗಂಟೆ ದಾರಿ. ಮ್ಯಾಡಿಸನ್ ಬೀದಿಯಲ್ಲಿ ಸೂಸನ್ ತಂಗಿಯ ಜೊತೆ ಬದುಕಿದ ಇಟ್ಟಿಗೆಯ ಮನೆ ಈಗ ವಸ್ತುಸಂಗ್ರಹಾಲಯ. ಆ ಮನೆಯ ಮುಂದೆ ನಿಂತು ಮೊಮ್ಮಗಳು ವಿಮೆಯ ಕತೆಯನ್ನು ತನ್ನ ಅಪ್ಪನಿಗೆ ಹೇಳಿದಳು, ನಾನು ಅವಳಿಗೆ ಹೇಳಿದ್ದಕ್ಕಿಂತ ಚೆನ್ನಾಗಿ. ಎಲ್ಲ ಕೇಳಿದ ಅಳಿಯಂದಿರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಸರೆಂಡರ್ ವ್ಯಾಲ್ಯೂ 2,000 ಇತ್ತು ಅನ್ನು,” ಎಂದರು. ಮಗಳು ನಕ್ಕಳು. ನನಗೆ ಅದು ನಗುವ ಮಾತು ಎನ್ನಿಸಲಿಲ್ಲ. ಅವರ ತಂದೆ ಇವರ ಎಂಜಿನಿಯರಿಂಗ್ ಫೀಸಿಗೆ ಎಲ್.ಐ.ಸಿ. ಪಾಲಿಸಿ ಮುರಿಸಿದ್ದು ನನಗೆ ಗೊತ್ತಿತ್ತು.

ವಿಶ್ವವಿದ್ಯಾಲಯಕ್ಕೆ ಅಂಟಿಕೊಂಡೇ ಮೌಂಟ್ ಹೋಪ್ ಸ್ಮಶಾನ. ಡಗ್ಲಸ್, ಸೂಸನ್ ಇಬ್ಬರ ಸಮಾಧಿಯೂ ಅಲ್ಲೇ. ಸೂಸನ್‌ಳದು ಮೊಣಕಾಲೆತ್ತರದ ಬಿಳಿಯ ಸಣ್ಣ ಕಲ್ಲು. 2016ರ ಚುನಾವಣೆಯ ದಿನ ಹೆಂಗಸರು ಸಾಲು ನಿಂತು, ಓಟು ಹಾಕಿದವರಿಗೆ ಕೊಡುವ ಚೀಟಿಗಳನ್ನು ತಂದು ಆ ಕಲ್ಲಿನ ತುಂಬ ಅಂಟಿಸಿದ್ದರಂತೆ. ಓಟಿನ ಹಕ್ಕು ಬಂದದ್ದು 1920ರಲ್ಲಿ. ಅವಳು ತೀರಿಕೊಂಡದ್ದು 1906ರಲ್ಲಿ. ನಾವು ಹೋದ ದಿನ ಯಾರೋ ಒಂದು ಪೆನ್ಸಿಲ್ ಇಟ್ಟು ಹೋಗಿದ್ದರು.

ಮೊಮ್ಮಗಳು ಕೊನೆಗೆ ರಾಚೆಸ್ಟರ್ ಸೇರಲಿಲ್ಲ. ಪ್ರಶಸ್ತಿಯ ರಿಯಾಯಿತಿ ಕಳೆದರೂ ಅಲ್ಲಿಯ ಖರ್ಚು ರಾಜ್ಯ ಸರ್ಕಾರದ ವಿಶ್ವವಿದ್ಯಾಲಯಕ್ಕಿಂತ ಎಷ್ಟೋ ಹೆಚ್ಚಾಗುತ್ತಿತ್ತು. ಸರ್ಕಾರದ ವಿಶ್ವವಿದ್ಯಾಲಯವೇ ಸೈ, ಆದರೆ ವಿಷಯ ಇತಿಹಾಸವೇ ಎಂದು ಅವಳು ಹಟ ಹಿಡಿದಳು. 2019ರ ವಸಂತದಲ್ಲಿ ತೀರ್ಮಾನ ಆಗಬೇಕಾದ ರಾತ್ರಿ ನಾನು ಹಾಸನದಲ್ಲಿದ್ದೆ, ಮಗಳು ಫೋನಿನಲ್ಲಿ ತೋರಿಸುತ್ತಿದ್ದಳು. ಅಳಿಯಂದಿರು ಕಾಗದದ ಮೇಲೆ ಕೂಡಿ ಕಳೆದು, ಫೀಸಿಗೆ ಸರಿ, ಹಾಸ್ಟೆಲ್ಲಿಗೆ ಸಾಲ ಮಾಡಬೇಕು, ಇತಿಹಾಸ ಓದಿ ಅವಳು ಆ ಸಾಲ ತೀರಿಸುವುದು ಯಾವಾಗ ಎಂದು ಪೆನ್ನು ಕೆಳಗಿಟ್ಟರು. ಮಗಳು ಒಳಗೆ ಹೋಗಿ ಒಂದು ಬ್ಯಾಂಕಿನ ಪುಸ್ತಕ ತಂದು ಮೇಜಿನ ಮೇಲಿಟ್ಟಳು. ವಾರಕ್ಕೆರಡು ದಿನ ಊರಿನ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸ ಮಾಡುತ್ತಾಳೆ. ಆ ಹಣ ತರಕಾರಿಗೆ ಹೋಗುತ್ತಿದೆ ಎಂದೇ ಎಲ್ಲರೂ ತಿಳಿದಿದ್ದರು. ಎರಡು ವರ್ಷದ ಹಾಸ್ಟೆಲ್ಲಿಗೆ ಆಗುವಷ್ಟಿತ್ತು.

“ಇದು ಯಾವಾಗಿಂದ?” ಎಂದರು ಅಳಿಯಂದಿರು.

“ನಿಮಗ್ಯಾಕ್ರೀ ಅದೆಲ್ಲ,” ಎಂದಳು ನನ್ನ ಮಗಳು. “ಅಡ್ಮಿಷನ್ ಅರ್ಜಿಗೆ ಸೈನ್ ಹಾಕಿ ಮೊದಲು.”